ತಿಪ್ಪೆಯ ಮೇಯರ್ ಮತ್ತು ಅವನ ಊರಿನ ಮಕ್ಕಳು

ಹುಟ್ಟುಹಬ್ಬದ ದಿನ ಮಗು ಟಿವಿಯ ಮುಂದೆ ಕುಳಿತಿದೆ. ತೇಪೆಗಳೇ ತುಂಬಿದ ಕೋಟು ತೊಟ್ಟ, ಕೆಂಪು ಮೂಗಿನ ಒಬ್ಬ ಜೋಕರ್ ಟಿವಿ ಪೆಟ್ಟಿಗೆಯ ಆಕಾರದ ಚೌಕಟ್ಟೊಂದರ ಹಿಂದೆ ನಿಂತು, ಅದರ ಮೂಲಕ ಆ ಮಗುವಿನ ಮನೆಯೊಳಗೇ ಇಣುಕುತ್ತಿರುವಂತೆ ನೋಡುತ್ತಾನೆ. ಮಗುವಿನ ಹೆಸರು ಹಿಡಿದು ಶುಭಾಶಯ ಹೇಳುತ್ತಾನೆ. ಆಮೇಲೆ, ನಿನ್ನ ಉಡುಗೊರೆ ಬಟ್ಟೆ ಒಗೆಯುವ ಯಂತ್ರದ ಹಿಂದೆಯೋ ಮಂಚದ ಕೆಳಗೋ ಇದೆ, ಹೋಗಿ ನೋಡು ಎನ್ನುತ್ತಾನೆ. ಮಗು ಓಡುತ್ತದೆ, ಉಡುಗೊರೆ ಅಲ್ಲಿಯೇ ಇರುತ್ತದೆ. ತಂದೆತಾಯಿ ಮೊದಲೇ ಟಿವಿ ನಿಲಯಕ್ಕೆ ಕಾಗದ ಬರೆದು ಎಲ್ಲವನ್ನೂ ತಿಳಿಸಿದ್ದರು ಎಂಬುದು ಮಗುವಿಗೆ ಗೊತ್ತಾಗುವುದು ಎಷ್ಟೋ ವರ್ಷಗಳ ನಂತರ. ಆ ಚೌಕಟ್ಟಿಗೆ ಐ ಸೀ ಯು ಟು ಟಿವಿ ಎಂದು ಹೆಸರು. ಜೋಕರ್‌ನ ಹೆಸರು ಜೆ.ಪಿ. ಪ್ಯಾಚಸ್. ಅವನು ಸಿಯಾಟಲ್ ನಗರದ ಕಸ ಸುರಿಯುವ ತಿಪ್ಪೆಯ ಮೇಲೆ ಗುಡಿಸಲು ಕಟ್ಟಿಕೊಂಡು ವಾಸಿಸುವ, ಆ ತಿಪ್ಪೆಗೆ ತಾನೇ ಮೇಯರ್ ಆಗಿರುವ ಮಹನೀಯ.

ಈ ಪಾತ್ರವನ್ನು ಹೊತ್ತವರು ಕ್ರಿಸ್ ವೀಡಸ್. 1958ರ ಫೆಬ್ರವರಿಯಲ್ಲಿ ಕೈರೋ ಎಂಬ ನಿಲಯ ಸಿಯಾಟಲ್‌ನಲ್ಲಿ ಪ್ರಸಾರ ಆರಂಭಿಸಿದಾಗಲೇ ಅವರ ಕಾರ್ಯಕ್ರಮವೂ ಆರಂಭವಾಯಿತು, 1981ರವರೆಗೆ ನಡೆಯಿತು. ಅದಕ್ಕೆ ಬರೆದ ಸಂಭಾಷಣೆ ಎಂಬುದು ಇರಲಿಲ್ಲ, ಅಭ್ಯಾಸವೂ ಇರಲಿಲ್ಲ, ನೇರ ಪ್ರಸಾರ. ಬಾಬ್ ನ್ಯೂಮನ್ ಎಂಬ ಇನ್ನೊಬ್ಬ ನಟರು ತಿಪ್ಪೆಯ ಟೆಲಿಫೋನ್ ಆಪರೇಟರ್ ಗರ್ಟ್ರೂಡ್ ಆಗಿ, ಹೆಣ್ಣುವೇಷದಲ್ಲಿ ಒರಟು ಗಂಡುದನಿಯಲ್ಲೇ ಮಾತನಾಡುತ್ತ ಬರುತ್ತಿದ್ದರು. ಜಗತ್ತಿನ ಎರಡನೆಯ ಅತಿ ಕೆಟ್ಟ ಮನುಷ್ಯ ಎಂದು ಹೆಸರಾದ ಬೋರಿಸ್ ಎಸ್. ವೋರ್ಟ್ ಕೂಡ ಅವರೇ. ಕ್ಯಾಮೆರಾದ ಹಿಂದಿದ್ದ ಸಿಬ್ಬಂದಿಯ ನಗೆ ಮನೆಮನೆಗೂ ಕೇಳಿಸುತ್ತಿತ್ತು. ಉದ್ಯೋಗಕ್ಕಾಗಿ ಈ ಊರಿಗೆ ಬಂದು ನೆಲೆಸಿದ ನನ್ನಂಥ ಕನ್ನಡಿಗನಿಗೆ ಈ ಜೋಕರ್ ಯಾರೆಂಬುದೇ ತಿಳಿದಿರಲಿಲ್ಲ. ಆದರೆ ಅರವತ್ತು ದಾಟಿದ ಇಲ್ಲಿನವರು, ಮಾತು ಕಡಿಮೆ ಆಡುವವರು ಕೂಡ, ಅವನ ಹೆಸರೆತ್ತಿದ ಕೂಡಲೇ ಮುಖ ಅರಳಿಸಿ ಮಾತಿಗೆ ನಿಲ್ಲುವುದನ್ನು ಮತ್ತೆ ಮತ್ತೆ ಕಂಡ ಮೇಲೆ, ಇದರ ಹಿಂದೆ ಏನಿದೆ ಎಂದು ಹುಡುಕತೊಡಗಿದೆ. ಹುಡುಕುತ್ತ ಹೋದಂತೆ ತಿಳಿದದ್ದು, ಅಂದಿನ ಅಮೆರಿಕದಲ್ಲಿ ಇಂಥವರು ಹೆಚ್ಚುಕಡಿಮೆ ಪ್ರತಿ ನಗರಕ್ಕೂ ಇದ್ದರು ಎಂಬುದು. ಒಬ್ಬೊಬ್ಬರೂ ತಮ್ಮ ನಿಲಯದ ತರಂಗಗಳು ಮುಟ್ಟುವಷ್ಟು ನೆಲಕ್ಕೆ ಸಾಮ್ರಾಟರು, ಅದರಾಚೆಗೆ ಅಪರಿಚಿತರು.

ಇಷ್ಟೊಂದು ಜನ ಒಟ್ಟಿಗೆ ಹುಟ್ಟಿಕೊಂಡದ್ದಕ್ಕೆ ಕಾರಣ ತೀರ ವ್ಯಾವಹಾರಿಕವಾದದ್ದು. ಅಮೆರಿಕದ ಸಂಪರ್ಕ ಆಯೋಗ 1948ರಲ್ಲಿ ಹೊಸ ಟಿವಿ ನಿಲಯಗಳಿಗೆ ಪರವಾನಗಿ ಕೊಡುವುದನ್ನು ನಿಲ್ಲಿಸಿತ್ತು. ತಡೆ ತೆರವಾದದ್ದು 1952ರಲ್ಲಿ. ಅಲ್ಲಿಯವರೆಗೆ ದೇಶದಲ್ಲಿದ್ದದ್ದು ನೂರೆಂಟರಷ್ಟು ನಿಲಯಗಳು. 1960ರ ಹೊತ್ತಿಗೆ ಅವು ಐನೂರನ್ನು ದಾಟಿದವು. ರಾತ್ರಿಯ ಮುಖ್ಯ ಹೊತ್ತಿಗೆ ರಾಷ್ಟ್ರಮಟ್ಟದ ಜಾಲಗಳು ಕಾರ್ಯಕ್ರಮ ಒದಗಿಸುತ್ತಿದ್ದವು, ಆದರೆ ಬೆಳಗಿನ, ಮಧ್ಯಾಹ್ನದ, ಶಾಲೆ ಬಿಟ್ಟ ಮೇಲಿನ ಗಂಟೆಗಳನ್ನು ತುಂಬುವ ಹೊಣೆ ಬಹುಮಟ್ಟಿಗೆ ಸ್ಥಳೀಯ ನಿಲಯದ ಮೇಲೇ ಬೀಳುತ್ತಿತ್ತು. ಅದೇ ವೇಳೆಗೆ ಚಿತ್ರಮಂದಿರಗಳಿಗಾಗಿ ತಯಾರಾಗಿದ್ದ ಹಳೆಯ ಕಿರುಚಿತ್ರಗಳು ಗಂಟುಗಂಟಾಗಿ ಟಿವಿಗೆ ಮಾರಾಟಕ್ಕೆ ಬಂದವು. ಪಾಪೈ ಎಂಬ ನಾವಿಕನ ಮತ್ತು ವಾರ್ನರ್ ಸಂಸ್ಥೆಯ ಹಳೆಯ ವ್ಯಂಗ್ಯಚಲನಚಿತ್ರಗಳು 1956ರಲ್ಲಿ, ತ್ರೀ ಸ್ಟೂಜಸ್ ಎಂಬ ಹಾಸ್ಯ ತಂಡದ ಕಿರುಚಿತ್ರಗಳು 1958ರಲ್ಲಿ. ಕೆಲವೇ ನಿಮಿಷಗಳ ಈ ತುಣುಕುಗಳನ್ನು ಒಂದಕ್ಕೊಂದು ಹೊಲಿದು ಒಂದು ಗಂಟೆಯ ಕಾರ್ಯಕ್ರಮ ಮಾಡಲು ಒಬ್ಬ ಮನುಷ್ಯ ಬೇಕಿತ್ತು.

ಆ ಮನುಷ್ಯ ಸಾಮಾನ್ಯವಾಗಿ ಹೊರಗಿನಿಂದ ಬರುತ್ತಿರಲಿಲ್ಲ. ನಿಲಯದಲ್ಲೇ ಹವಾಮಾನ ಓದುವವರೋ, ಉದ್ಘೋಷಕರೋ ಆಗಿದ್ದವರಿಗೆ ಒಂದು ಟೋಪಿ, ಒಂದು ವೇಷ, ರಟ್ಟಿನಿಂದ ಮಾಡಿದ ಒಂದು ರಂಗಸಜ್ಜಿಕೆ ಕೊಟ್ಟು ಮಕ್ಕಳ ಮುಂದೆ ನಿಲ್ಲಿಸುತ್ತಿದ್ದರು. ದಕ್ಷಿಣ ಡಕೋಟಾದ ಸೂ ಫಾಲ್ಸ್‌ನ ಕೆಲೋ ನಿಲಯದಲ್ಲಿ ಹವಾಮಾನ ಹೇಳುತ್ತಿದ್ದ ಡೇವ್ ಡೆಡ್ರಿಕ್ ಅವರು 1955ರಲ್ಲಿ ಕ್ಯಾಪ್ಟನ್ ಇಲೆವೆನ್ ಆದರು, ಮತ್ತು 1996ರವರೆಗೂ ಕ್ಯಾಪ್ಟನ್ ಇಲೆವೆನ್ ಆಗಿಯೇ ಉಳಿದರು. ಕೆಲಸ ಅಗ್ಗದ್ದು, ಆದರೆ ಸುಲಭದ್ದಲ್ಲ. ದಿನವೂ, ಕೆಲವರಿಗೆ ದಿನಕ್ಕೆ ಎರಡು ಬಾರಿ, ಕೈಯಲ್ಲಿ ಕಾಗದವಿಲ್ಲದೆ, ತಪ್ಪಿದರೆ ಅಳಿಸಲಾಗದ ನೇರ ಪ್ರಸಾರದಲ್ಲಿ ಮಕ್ಕಳನ್ನು ಹಿಡಿದು ಕೂರಿಸಬೇಕಿತ್ತು. ಕಥೆಯ ಎಳೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಎದುರಿಗೆ ಕುಳಿತ ಊರಗೌಡನನ್ನೂ ಆ ವರ್ಷದ ಮಳೆಯನ್ನೂ ಉಪಕಥೆಯೊಳಕ್ಕೆ ಎಳೆದು ತರುವ ನಮ್ಮ ಹರಿಕಥೆಯ ದಾಸರ ಕೌಶಲ ಇವರಲ್ಲಿತ್ತು ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಪಾಪೈ ನೆಪ ಮಾತ್ರ. ನೆನಪಿನಲ್ಲಿ ಉಳಿದದ್ದು ಪಾಪೈ ಮುಗಿದ ಮೇಲೆ ಬರುತ್ತಿದ್ದ ಮನುಷ್ಯ.

ಸಿಯಾಟಲ್ ಒಂದರಲ್ಲೇ ಇಂಥವರು ಎಷ್ಟೊಂದು ಮಂದಿ! ಕಿಂಗ್ ನಿಲಯದಲ್ಲಿ ರೂತ್ ಪ್ರಿನ್ಸ್ ಅವರು ವಂಡಾ ವಂಡಾ ಎಂಬ ಹೆಸರಿನಲ್ಲಿ 1953ರಿಂದ ಎರಡು ದಶಕಗಳಷ್ಟು ಕಾಲ ಪುಟ್ಟ ಮಕ್ಕಳಿಗೆ ಕಥೆ ಹೇಳಿದರು. ಕೋಮೋ ನಿಲಯದ ಡಾನ್ ಮೆಕ್ಯೂನ್ ಅವರು ಕ್ಯಾಪ್ಟನ್ ಪ್ಯೂಜೆಟ್ ಆಗಿ, ಈ ಊರಿನ ಮಗ್ಗುಲಲ್ಲೇ ಇರುವ ಪ್ಯೂಜೆಟ್ ಸೌಂಡ್ ಎಂಬ ಕಡಲ ತೋಳಿನ ಹೆಸರನ್ನೇ ಇಟ್ಟುಕೊಂಡು, ನಾವಿಕರ ಹಾಡು ಹಾಡುತ್ತಿದ್ದರು. ಪಕ್ಕದ ಟಕೋಮಾದಲ್ಲಿ ಬಿಲ್ ಮೆಕ್ಲೇನ್ ಅವರು ರೈಲಿನ ಬ್ರೇಕ್‌ಮನ್ ವೇಷದಲ್ಲಿ ಆಟಿಕೆ ರೈಲನ್ನು ಓಡಿಸುತ್ತಿದ್ದರು. ಇವರೆಲ್ಲರಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದವರು ಸ್ಟಾನ್ ಬೋರೆಸನ್. ನಾರ್ವೇಜಿಯನ್ ಮೂಲದ ಮನೆತನದ ಈ ಕಲಾವಿದರು 1955ರಿಂದ 1967ರವರೆಗೆ ಕಿಂಗ್ ನಿಲಯದಲ್ಲಿ ಅಕಾರ್ಡಿಯನ್ ನುಡಿಸುತ್ತ, ಸ್ಕ್ಯಾಂಡಿನೇವಿಯಾದಿಂದ ವಲಸೆ ಬಂದವರ ಇಂಗ್ಲಿಷಿನ ಧಾಟಿಯಲ್ಲಿ ಜನಪ್ರಿಯ ಹಾಡುಗಳ ಅಣಕು ಹಾಡುತ್ತ, ಅಲುಗಾಡಲೂ ಮನಸ್ಸಿಲ್ಲದ ನೋಮೋ ಎಂಬ ಬ್ಯಾಸೆಟ್ ನಾಯಿಯನ್ನು ಪಕ್ಕದಲ್ಲಿ ಮಲಗಿಸಿಕೊಂಡು ಕಾರ್ಯಕ್ರಮ ನಡೆಸಿದರು. ಮೀನುಗಾರಿಕೆಗೆಂದು, ಮರದ ಕೆಲಸಕ್ಕೆಂದು ನಾರ್ವೆ ಸ್ವೀಡನ್‌ಗಳಿಂದ ಬಂದ ಸಾವಿರಾರು ಕುಟುಂಬಗಳು ಈ ಊರಿನ ಬ್ಯಾಲರ್ಡ್ ಬಡಾವಣೆಯಲ್ಲಿ ನೆಲೆಸಿದ್ದವು. ಅಜ್ಜನ ಉಚ್ಚಾರಣೆ ಟಿವಿಯಲ್ಲಿ ಪ್ರೀತಿಯಿಂದ ನಗಿಸುವುದನ್ನು ಅಲ್ಲಿನ ಮಕ್ಕಳು ಕೇಳಿದರು. ಟೆಕ್ಸಾಸಿನಲ್ಲಿ ಈ ಹಾಸ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಒಂದು ಊರಿನ ಜನರಿಗೆ ಮಾತ್ರ ಸಂಪೂರ್ಣವಾಗಿ ಅರ್ಥವಾಗುವ ಟಿವಿ ಎಂಬುದೊಂದು ಇತ್ತು ಎಂಬ ಸಂಗತಿಯೇ ನಮ್ಮ ಕಾಲದಲ್ಲಿ ನಿಂತು ನೋಡಿದಾಗ ಬೆರಗು ಹುಟ್ಟಿಸುತ್ತದೆ.

ಬೇರೆ ನಗರಗಳಲ್ಲೂ ಹೀಗೆಯೇ. ಫಿಲಡೆಲ್ಫಿಯಾದಲ್ಲಿ ಸ್ಯಾಲಿ ಸ್ಟಾರ್ ಎಂಬ ಮಹಿಳೆ ಕೌಬಾಯ್ ಉಡುಪು ತೊಟ್ಟು ಪಾಪೈ ತೋರಿಸುತ್ತಿದ್ದರು. ಅದೇ ನಿಲಯದಲ್ಲಿ, ಸೆನೆಕಾ ಬುಡಕಟ್ಟಿಗೆ ನಿಜಕ್ಕೂ ಸೇರಿದ್ದ ಟ್ರೇನರ್ ಹಾಫ್‌ಟೌನ್ ಅವರು ಚೀಫ್ ಹಾಫ್‌ಟೌನ್ ಎಂಬ ಹೆಸರಿನಲ್ಲಿ 1951ರಿಂದ 1999ರವರೆಗೆ ಮಕ್ಕಳನ್ನು ಸೆನೆಕಾ ಮಾತಿನಿಂದ ಸ್ವಾಗತಿಸಿದರು. ಮೂಲನಿವಾಸಿಗಳನ್ನು ಗುಂಡಿಗೆ ಬೀಳುವ ಶತ್ರುಗಳಂತೆ ತೋರಿಸುವ ಸಿನಿಮಾಗಳ ಕಾಲದಲ್ಲಿ, ಒಂದು ದೊಡ್ಡ ನಗರದ ಮಕ್ಕಳು ದಿನವೂ ಅಂಥ ಒಬ್ಬರನ್ನು ಮನೆಯ ಹಿರಿಯನಂತೆ ಕಂಡರು ಎಂಬುದನ್ನು ನಾನು ಸಣ್ಣ ಸಂಗತಿ ಎಂದು ತಿಳಿಯುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಷೆರಿಫ್ ಜಾನ್ ಹುಟ್ಟುಹಬ್ಬದ ಹಾಡು ಹಾಡುತ್ತಿದ್ದರು, ಎಂಜಿನಿಯರ್ ಬಿಲ್ ಹಸಿರು ದೀಪ ಎಂದಾಗ ಹಾಲು ಕುಡಿಯಬೇಕು, ಕೆಂಪು ದೀಪ ಎಂದಾಗ ನಿಲ್ಲಿಸಬೇಕು ಎಂಬ ಆಟ ಆಡಿಸುತ್ತಿದ್ದರು. ಆ ಆಟ ಆಡಿ ಹಾಲು ಮುಗಿಸಿದ ಮಕ್ಕಳ ತಾಯಂದಿರು ಅವರಿಗೆ ಎಷ್ಟು ಋಣಿಯಾಗಿದ್ದಿರಬೇಕು.

ಅರಿಝೋನಾದ ಫೀನಿಕ್ಸ್‌ನಲ್ಲಿ 1954ರಿಂದ 1989ರವರೆಗೆ, ಮೂವತ್ತೈದು ವರ್ಷ ನಡೆದ ವಾಲೇಸ್ ಮತ್ತು ಲ್ಯಾಡ್ಮೋ ಕಾರ್ಯಕ್ರಮದಲ್ಲಿ ಮಕ್ಕಳು ಅತಿಯಾಗಿ ಆಸೆಪಡುತ್ತಿದ್ದದ್ದು ಲ್ಯಾಡ್ಮೋ ಚೀಲ ಎಂಬ ಒಂದು ಕಾಗದದ ಚೀಲಕ್ಕೆ. ಅದು ಕೈಗೆ ಸಿಕ್ಕಿದವರು ಆ ದಿನವನ್ನು ಮರೆಯಲಿಲ್ಲ, ಸಿಗದವರು ಅದನ್ನು ಇನ್ನೂ ಹೆಚ್ಚಾಗಿ ನೆನಪಿಟ್ಟುಕೊಂಡರು. ಆ ಚೀಲದೊಳಗೆ ಇದ್ದದ್ದು ತಂಪು ಪಾನೀಯ, ಚಿಪ್ಸ್, ಮಿಠಾಯಿ, ಅಂಗಡಿಗಳ ಕೂಪನ್ನು. ಅಂದರೆ ಬಹುಪಾಲು ಜಾಹೀರಾತುದಾರರ ಸರಕು. ಉದ್ದ ಟೋಪಿ, ಅಗಲ ಟೈ ಧರಿಸಿದ ಲ್ಯಾಡ್ಮೋ ಅದನ್ನು ಮಗುವಿನ ಕೈಗೆ ಇಡುವಾಗ ಅವರ ಕಣ್ಣಿನಲ್ಲಿದ್ದ ಅಕ್ಕರೆ ನಟನೆಯಾಗಿರಲಿಲ್ಲ ಎಂದು ಆ ಊರಿನವರೆಲ್ಲ ಹೇಳುತ್ತಾರೆ, ನಾನೂ ನಂಬುತ್ತೇನೆ. ಅದು ಉಡುಗೊರೆಯೂ ಹೌದು, ಜಾಹೀರಾತೂ ಹೌದು. ಈ ನಿರೂಪಕರ ಇಡೀ ಕಥೆ ನನಗೆ ಆ ಚೀಲದಲ್ಲೇ ಕಾಣಿಸುತ್ತದೆ.

ನಿಲಯ ಅವರಿಗೆ ಸಂಬಳ ಕೊಡುತ್ತಿದ್ದದ್ದು ಮಕ್ಕಳನ್ನು ನಗಿಸಲು ಮಾತ್ರವಲ್ಲ. ಬ್ರೆಡ್ಡು, ಹಾಲು, ಆಟಿಕೆ, ಬೆಳಗಿನ ಧಾನ್ಯದ ತಿಂಡಿ ಇವುಗಳ ಗುಣಗಾನವನ್ನು ಆ ನಂಬಿಕೆಯ ದನಿಯಲ್ಲೇ, ಕಾರ್ಯಕ್ರಮದ ನಡುವೆಯೇ ಮಾಡುವುದು ಅವರ ಕೆಲಸದ ಭಾಗವಾಗಿತ್ತು. ಹಲ್ಲುಜ್ಜು, ಅಪ್ಪ ಅಮ್ಮನ ಮಾತು ಕೇಳು ಎಂದು ಹೇಳಿದ ಬಾಯಿಯೇ ಇದನ್ನು ಕೊಡಿಸು ಎಂದು ಅಮ್ಮನನ್ನು ಕೇಳು ಎಂದೂ ಹೇಳುತ್ತಿತ್ತು. ಆ ಬಾಯಿಗೆ ಎಂಥ ಶಕ್ತಿ ಇತ್ತು ಎಂಬುದು 1965ರ ಹೊಸವರ್ಷದ ದಿನ ಬಯಲಾಯಿತು. ನ್ಯೂಯಾರ್ಕ್‌ನಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಸೂಪಿ ಸೇಲ್ಸ್, ಅಪ್ಪಂದಿರು ಇನ್ನೂ ಮಲಗಿರಬಹುದು, ಮೆಲ್ಲಗೆ ಹೋಗಿ ಅವರ ಜೇಬಿನಲ್ಲಿರುವ ಗಡ್ಡದ ಗಂಡಸರ ಚಿತ್ರವಿರುವ ಹಸಿರು ಕಾಗದದ ಚೂರುಗಳನ್ನು ತೆಗೆದು ನನಗೆ ಅಂಚೆಯಲ್ಲಿ ಕಳಿಸಿ ಎಂದು ತಮಾಷೆಗೆ ಹೇಳಿದರು. ದೂರು ಬಂತು, ನಿಲಯ ಅವರನ್ನು ಅಮಾನತು ಮಾಡಿತು, ಅಭಿಮಾನಿಗಳು ಪ್ರತಿಭಟಿಸಿದರು, ಅವರು ಮರಳಿದರು. ತಮಾಷೆ ತಮಾಷೆಯಾಗಿಯೇ ಮುಗಿಯಿತು, ಆದರೆ ಟಿವಿಯೊಳಗಿನ ಒಬ್ಬ ಸ್ನೇಹಿತ ಹೇಳಿದರೆ ಮಕ್ಕಳು ಎದ್ದು ಹೋಗಿ ಮಾಡುತ್ತಾರೆ ಎಂಬ ಭಯ ದೊಡ್ಡವರಲ್ಲಿ ಉಳಿಯಿತು.

ರಾಂಪರ್ ರೂಮ್ ಎಂಬ ಕಾರ್ಯಕ್ರಮದಲ್ಲಿ ಈ ನಂಬಿಕೆ ಇನ್ನೊಂದು ರೂಪ ತಾಳಿತು. ಬರ್ಟ್ ಮತ್ತು ನ್ಯಾನ್ಸಿ ಕ್ಲಾಸ್ಟರ್ ದಂಪತಿ 1953ರಲ್ಲಿ ಬಾಲ್ಟಿಮೋರ್‌ನಲ್ಲಿ ಆರಂಭಿಸಿದ ಈ ಟಿವಿ ಶಿಶುವಿಹಾರವನ್ನು ಊರೂರಿಗೆ ಪರವಾನಗಿಯ ಮೇಲೆ ಕೊಡಲಾಯಿತು: ನಡೆಯುವ ಕ್ರಮ ಒಂದೇ, ಆದರೆ ಪ್ರತಿ ನಗರಕ್ಕೂ ಅದರದೇ ಟೀಚರ್. ಕೊನೆಗೆ ಟೀಚರ್ ಮಾಯಾ ಕನ್ನಡಿಯೊಂದನ್ನು ಹಿಡಿದು ಅದರಲ್ಲಿ ಕಾಣುವ ಮಕ್ಕಳ ಹೆಸರುಗಳನ್ನು ಹೇಳುವರು. ತನ್ನ ಹೆಸರು ಬರುತ್ತದೆಯೇ ಎಂದು ಉಸಿರು ಹಿಡಿದು ಕಾಯುವ ಮಕ್ಕಳು ಪ್ರತಿ ಮನೆಯಲ್ಲೂ. ಫೀನಿಕ್ಸ್‌ನ ಟೀಚರ್ ಷೆರಿ ಫಿಂಕ್‌ಬೈನ್ ಅವರ ಬದುಕು ಈ ಸ್ಥಾನದ ಬೆಲೆಯನ್ನು ತೋರಿಸುತ್ತದೆ. 1962ರಲ್ಲಿ ಗರ್ಭಿಣಿಯಾಗಿದ್ದ ಅವರು, ತಾವು ಸೇವಿಸಿದ್ದ ಮಾತ್ರೆಯಲ್ಲಿ ಗರ್ಭದ ಶಿಶುವಿಗೆ ಅಂಗವೈಕಲ್ಯ ತರುವ ಥಾಲಿಡೊಮೈಡ್ ಎಂಬ ಔಷಧ ಇತ್ತೆಂದು ತಿಳಿದಾಗ, ಬೇರೆ ತಾಯಂದಿರು ಎಚ್ಚರಗೊಳ್ಳಲಿ ಎಂದು ಹೆಸರು ಹೇಳದೆ ಪತ್ರಿಕೆಗೆ ವಿಷಯ ತಿಳಿಸಿದರು. ಹೆಸರು ಹೊರಬಿತ್ತು, ನಿಗದಿಯಾಗಿದ್ದ ಗರ್ಭಪಾತ ರದ್ದಾಯಿತು, ಅವರು ಸ್ವೀಡನ್‌ಗೆ ಹೋಗಬೇಕಾಯಿತು. ಟಿವಿಯ ಕೆಲಸವೂ ಹೋಯಿತು. ಇಡೀ ಊರಿನ ಮಕ್ಕಳಿಗೆ ಟೀಚರ್ ಆಗಿರುವುದೆಂದರೆ ಒಬ್ಬ ಹೆಣ್ಣು ತನ್ನ ಖಾಸಗಿ ಸಂಕಟವನ್ನೂ ಊರಿನ ಅಪ್ಪಣೆಯಿಲ್ಲದೆ ಅನುಭವಿಸುವಂತಿಲ್ಲ ಎಂದಾಯಿತು. ಗಂಡಸರು ಜೋಕರ್ ವೇಷ ಕಳಚಿ ಮನೆಗೆ ಹೋಗಬಹುದಿತ್ತು; ಷೆರಿ ಅವರಿಗೆ ಕಳಚಲು ವೇಷವೇ ಇರಲಿಲ್ಲ, ತೆರೆಯ ಮೇಲೆ ಅವರು ತಮ್ಮ ಹೆಸರಿನಲ್ಲೇ ನಿಂತಿದ್ದರು. ಆ ಕಾಲದ ಬಗ್ಗೆ ಬರೆಯುವವರು ಅದರ ಸೊಗಸನ್ನು ನೆನೆಯುವಾಗ ಈ ಅಧ್ಯಾಯವನ್ನು ಬಿಡಬಾರದು.

1968ರಲ್ಲಿ ಬಾಸ್ಟನ್ ಬಳಿಯ ನ್ಯೂಟನ್ ಎಂಬಲ್ಲಿ ಪೆಗಿ ಚಾರೆನ್ ಮತ್ತು ಇತರ ಕೆಲವು ತಾಯಂದಿರು ಸೇರಿ ಮಕ್ಕಳ ಟಿವಿಯ ಸುಧಾರಣೆಗಾಗಿ ಒಂದು ಸಂಘಟನೆ ಕಟ್ಟಿದರು. ಮಾರನೆಯ ವರ್ಷ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪನಿ ರಾಂಪರ್ ರೂಮ್ ಅನ್ನೇ ಕೊಂಡುಕೊಂಡಿತು. ಟೀಚರ್ ತೋರಿಸುವ ಆಟಿಕೆಗಳೇ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ಮಕ್ಕಳ ಕಾರ್ಯಕ್ರಮದ ನಿರೂಪಕರು ತಾವೇ ಸರಕು ಮಾರಕೂಡದು ಎಂದು ಆ ತಾಯಂದಿರು 1970ರಲ್ಲಿ ಸಂಪರ್ಕ ಆಯೋಗದ ಬಾಗಿಲು ತಟ್ಟಿದರು. ಪ್ರಸಾರಕರ ಒಕ್ಕೂಟ ತನ್ನ ನಿಯಮಾವಳಿಯನ್ನು ತಿದ್ದಿ 1973ರ ಆರಂಭದಿಂದ ಇದನ್ನು ನಿಷೇಧಿಸಿತು, 1974ರಲ್ಲಿ ಆಯೋಗವೂ ತನ್ನ ನೀತಿಯಲ್ಲಿ ಅದನ್ನೇ ಎತ್ತಿ ಹಿಡಿಯಿತು. ಆ ತಾಯಂದಿರು ಕೇಳಿದ್ದು ನ್ಯಾಯವಾದದ್ದು. ಐದು ವರ್ಷದ ಮಗುವಿಗೆ ಸ್ನೇಹಿತನ ಮಾತಿಗೂ ವ್ಯಾಪಾರಿಯ ಮಾತಿಗೂ ಇರುವ ಅಂತರ ತಿಳಿಯುವುದಿಲ್ಲ. ತಿಳಿಯದಿರುವುದನ್ನು ಬಳಸಿಕೊಂಡು ಹಣ ಮಾಡುವುದು ತಪ್ಪು. ಆದರೆ ಆ ಸ್ನೇಹಿತನನ್ನು ಸಾಕುತ್ತಿದ್ದದ್ದೇ ಆ ವ್ಯಾಪಾರ. ತಾನೇ ನಿಂತು ಮಾರುವ ನಿರೂಪಕ ನಿಲಯಕ್ಕೆ ಆದಾಯ; ಮಾರದ ನಿರೂಪಕ ಬರೀ ಖರ್ಚು. ಅಕ್ಕರೆಯನ್ನೂ ಮಾರಾಟವನ್ನೂ ಬೇರ್ಪಡಿಸಿದ್ದು ಸರಿಯಾದ ಕೆಲಸವೇ ಆಗಿದ್ದು, ಆ ಸರಿಯಾದ ಕೆಲಸವೇ ಊರೂರಿನ ಆ ಜನರ ಕಾಲ ಮುಗಿಯಲು ಒಂದು ಕಾರಣವಾಯಿತು. ಈ ಎರಡು ಮಾತುಗಳಲ್ಲಿ ಒಂದನ್ನು ಇನ್ನೊಂದಕ್ಕಾಗಿ ಬಿಟ್ಟುಕೊಡಲು ನನಗೆ ಸಾಧ್ಯವಾಗುತ್ತಿಲ್ಲ.

ಬೇರೆ ಕಾರಣಗಳೂ ಇದ್ದವು. ದೇಶವಿಡೀ ಮಾರಾಟವಾಗುವ ಸಿದ್ಧ ಕಾರ್ಯಕ್ರಮಗಳು ಅಗ್ಗವಾದವು. 1969ರಲ್ಲಿ ಬಂದ ಸೆಸಮಿ ಸ್ಟ್ರೀಟ್ ಎಂಬ, ಗೊಂಬೆಗಳ ಮೂಲಕ ಕಲಿಸುವ ದೇಶವ್ಯಾಪಿ ಕಾರ್ಯಕ್ರಮ ಮಕ್ಕಳ ಟಿವಿಯಿಂದ ತಂದೆತಾಯಿ ಏನನ್ನು ಬಯಸಬಹುದು ಎಂಬುದನ್ನೇ ಬದಲಿಸಿತು. ವಿಶೇಷವೆಂದರೆ ಆ ಹೊಸ ಕಾಲವನ್ನು ಕಟ್ಟಿದವರು ಕೂಡ ಇದೇ ಸ್ಥಳೀಯ ನಿಲಯಗಳ ಗರಡಿಯಲ್ಲಿ ಪಳಗಿದವರು. ಅದರ ಗೊಂಬೆಗಳನ್ನು ರೂಪಿಸಿದ ಜಿಮ್ ಹೆನ್ಸನ್ ತಮ್ಮ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಮೊದಲ ಕರ್ಮಿಟ್ ಗೊಂಬೆಯನ್ನು ಮಾಡಿದ್ದು 1955ರಲ್ಲಿ, ವಾಷಿಂಗ್ಟನ್‌ನ ಒಂದು ಸ್ಥಳೀಯ ಕಾರ್ಯಕ್ರಮಕ್ಕಾಗಿ. ಅದರ ದೊಡ್ಡ ಹಳದಿ ಹಕ್ಕಿ ಬಿಗ್ ಬರ್ಡ್ ಆಗುವ ಮೊದಲು ಕ್ಯಾರೊಲ್ ಸ್ಪಿನ್ನಿ ಬಾಸ್ಟನ್‌ನಲ್ಲಿ ಬೋಝೋ ಎಂಬ ಜೋಕರ್‌ನ ಕಾರ್ಯಕ್ರಮದಲ್ಲಿದ್ದರು. ಮುಂದೆ ತಮ್ಮದೇ ದೇಶವ್ಯಾಪಿ ಮಕ್ಕಳ ಕಾರ್ಯಕ್ರಮದಿಂದ ಹೆಸರಾದ ಫ್ರೆಡ್ ರಾಜರ್ಸ್ 1954ರಿಂದ ಪಿಟ್ಸ್‌ಬರ್ಗ್‌ನಲ್ಲಿ ಜೋಸಿ ಕೇರಿ ಎಂಬ ನಿರೂಪಕಿಯ ಕಾರ್ಯಕ್ರಮಕ್ಕೆ ತೆರೆಯ ಮರೆಯಲ್ಲಿ ನಿಂತು ಗೊಂಬೆ ಆಡಿಸುತ್ತಿದ್ದರು. ಇಡೀ ದೇಶ ಅವರನ್ನು ತನ್ನವರೆಂದು ಕರೆಯಿತು. ಜೋಸಿ ಕೇರಿಯವರ ಹೆಸರನ್ನು ಇಂದು ಪಿಟ್ಸ್‌ಬರ್ಗ್‌ನ ಹೊರಗೆ ನೆನೆಯುವವರು ಕಡಿಮೆ.

ಉಳಿದ ದಾಖಲೆಯೂ ಕಡಿಮೆ. ಆರಂಭದ ವರ್ಷಗಳಲ್ಲಿ ವಿಡಿಯೋ ಟೇಪಿನಲ್ಲಿ ಮುದ್ರಿಸಿಕೊಳ್ಳುವ ಉಪಕರಣವೇ ಇರಲಿಲ್ಲ. 1956ರಲ್ಲಿ ಆಂಪೆಕ್ಸ್ ಕಂಪನಿಯ ವಿಡಿಯೋ ಯಂತ್ರ ಬಂದ ಮೇಲೂ ಎರಡು ಅಂಗುಲ ಅಗಲದ ಆ ಟೇಪು ದುಬಾರಿಯಾದ್ದರಿಂದ ಒಂದರ ಮೇಲೊಂದು ಮುದ್ರಿಸಿ ಅಳಿಸುತ್ತಿದ್ದರು. ಎರಡು ದಶಕಗಳ ದಿನದಿನದ ಕೆಲಸದಲ್ಲಿ ಬೆರಳೆಣಿಕೆಯ ಗಂಟೆಗಳು ಮಾತ್ರ ಉಳಿದಿರುವ ನಿರೂಪಕರು ಹಲವರು. ಹೀಗಾಗಿ ಅವರ ನಿಜವಾದ ಭಂಡಾರ ಅಂದಿನ ಮಕ್ಕಳ ನೆನಪೇ. ಸಿಯಾಟಲ್ ಈ ವಿಷಯದಲ್ಲಿ ತನ್ನ ಕರ್ತವ್ಯ ಮಾಡಿದೆ. ಕಾರ್ಯಕ್ರಮ ನಿಂತ ಮೇಲೂ ವೀಡಸ್ ಅವರು ಮೂವತ್ತು ವರ್ಷ ಜಾತ್ರೆ, ಮೆರವಣಿಗೆ, ಮಕ್ಕಳ ಆಸ್ಪತ್ರೆಗಳಿಗೆ ಅದೇ ವೇಷದಲ್ಲಿ ಹೋಗುತ್ತಿದ್ದರು. 2008ರಲ್ಲಿ ಫ್ರೀಮಾಂಟ್ ಬಡಾವಣೆಯಲ್ಲಿ ಜೆ.ಪಿ. ಮತ್ತು ಗರ್ಟ್ರೂಡ್ ಅವರ ಕಂಚಿನ ಪ್ರತಿಮೆ ನಿಂತಿತು. 2012ರಲ್ಲಿ ವೀಡಸ್ ತೀರಿಕೊಂಡಾಗ ಊರು ಬಹಿರಂಗವಾಗಿ ಶೋಕಿಸಿತು.

ಜೆ.ಪಿ. ಪ್ಯಾಚಸ್ ಮುಗಿದ 1981ರಲ್ಲೇ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಆದರೆ ಕನ್ನಡದ ಮಕ್ಕಳು ಟಿವಿ ನೋಡಿದ್ದು ಅದಕ್ಕೂ ಮೊದಲು, ಮತ್ತು ನೋಡಿದವರು ಬೆಂಗಳೂರಿನವರಲ್ಲ. ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವನ್ನು ಎರವಲು ಪಡೆದು ನಮ್ಮ ಇಸ್ರೋ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆಸಿದ ಸೈಟ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಸಾಮುದಾಯಿಕ ಟಿವಿ ಪೆಟ್ಟಿಗೆಗಳು ಹೋದವು. ಕರ್ನಾಟಕದಲ್ಲಿ ಅವು ಹೋದದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿಗೆ. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆಂದೇ ಕನ್ನಡದ ಕಾರ್ಯಕ್ರಮಗಳು ಬಂದವು. ಇದು ಸಿಯಾಟಲ್‌ಗೆ ನೇರ ವಿರುದ್ಧವಾದ ಟಿವಿ. ಮಾರಾಟದ ಸೋಂಕಿಲ್ಲ, ಸದುದ್ದೇಶ ತುಂಬಿದೆ. ಆದರೆ ದನಿ ಬಂದದ್ದು ಆಕಾಶದಿಂದ, ಮೂರು ಜಿಲ್ಲೆಗಳಿಗೂ ಒಂದೇ. ಅಂಥ ವ್ಯವಸ್ಥೆಯಲ್ಲಿ ಸಿಂಧನೂರಿನ ಸಂತೆಯಲ್ಲಿ ಎದುರಾಗಬಹುದಾದ ಒಬ್ಬ ಟಿವಿ ಮಾಮ ಹುಟ್ಟಲು ಅವಕಾಶವೇ ಇರಲಿಲ್ಲ. ಆ ಮಕ್ಕಳು ಏನು ಕಲಿತರು ಎಂಬುದನ್ನು ಅಂದಿನ ಸಮಾಜವಿಜ್ಞಾನಿಗಳು ಶ್ರದ್ಧೆಯಿಂದ ಅಳೆದರು. ನನಗೆ ಬೇಕಾಗಿರುವುದು ಬೇರೆ. ಅವರೀಗ ಅರವತ್ತರ ಆಸುಪಾಸಿನಲ್ಲಿದ್ದಾರೆ. ಆ ಕಡೆಗೆ ಹೋದಾಗಲೆಲ್ಲ ಅಂಥವರನ್ನು ಹುಡುಕಿ ಕೂರಿಸಿಕೊಂಡು ಕೇಳಬೇಕೆಂದಿದ್ದೇನೆ: ಪೆಟ್ಟಿಗೆಯನ್ನು ಶಾಲೆಯ ಯಾವ ಕೋಣೆಯಲ್ಲಿ ಇಟ್ಟಿದ್ದರು, ಬೀಗದ ಕೈ ಯಾರ ಬಳಿ ಇರುತ್ತಿತ್ತು, ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರು ಅದನ್ನು ನಿಮ್ಮ ಮಾತಿನಲ್ಲಿ ಮತ್ತೆ ಹೇಳುತ್ತಿದ್ದರೇ, ಮತ್ತು ನಿಮ್ಮ ನೆನಪಿನಲ್ಲಿ ಉಳಿದದ್ದು ತೆರೆಯ ಮೇಲಿನವರ ಮುಖವೋ, ಆ ಮೇಷ್ಟ್ರದೋ.